ದಾವಣಗೆರೆಯಿಂದ ಮೊದಲ ವಿದೇಶ ಪ್ರವಾಸ: ಅಪ್ಪಾಜಿ, ಅಮ್ಮನ ಜೊತೆ ಸಿಂಗಪುರ, ಮಲೇಷ್ಯಾ. ನಮ್ಮ ಲೆಕ್ಕ ಸರಿ ಇದೆಯಾ?

ಕುಂದವಾಡ ಕೆರೆ

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ, ಹೈಸ್ಕೂಲಿನಲ್ಲಿ ಟೀಚರ್. ಅಪ್ಪಾಜಿಗೆ 68, ಅಮ್ಮನಿಗೆ 62. ಅಪ್ಪಾಜಿ ಹತ್ತಿ ಮಿಲ್ಲಿನಲ್ಲಿದ್ದವರು. ಮಿಲ್ಲು ಮುಚ್ಚಿದ ಮೇಲೆ ಕಿರಾಣಿ ಅಂಗಡಿ ಇಟ್ಟು ಮಕ್ಕಳಿಬ್ಬರನ್ನೂ ಓದಿಸಿದರು. ಅಪ್ಪಾಜಿ, ಅಮ್ಮ ಇಬ್ಬರೂ ಇದುವರೆಗೆ ವಿಮಾನ ಹತ್ತಿಲ್ಲ. ಸಮುದ್ರ ದಾಟಿ ಒಂದು ಊರು ನೋಡಬೇಕು ಅನ್ನೋದು ಅಪ್ಪಾಜಿಯ ಬಹಳ ದಿನದ ಆಸೆ. ಈ ದಸರಾ ರಜೆಯಲ್ಲಿ ನಾನು, ನಮ್ಮ ಯಜಮಾನರು, ಅವರಿಬ್ಬರು, ಒಟ್ಟು ನಾಲ್ಕು ಜನ ಹೊರಡೋಣ ಅಂತಿದ್ದೇವೆ.

ಒಂದು ವಾರ ಸಿಗುತ್ತದೆ. ಸಿಂಗಪುರ ಎರಡು ದಿನ, ಕ್ವಾಲಾಲಂಪುರ ಎರಡು, ಪೆನಾಂಗ್ ಒಂದು, ಲಂಕಾವಿ ಒಂದು, ಗೆಂಟಿಂಗ್ ಬೆಟ್ಟ ಒಂದು ಅಂತ ಬರೆದುಕೊಂಡಿದ್ದೇನೆ. ಬೆಂಗಳೂರಿಂದ ನೇರ ವಿಮಾನಕ್ಕಿಂತ ಚೆನ್ನೈ ಮೇಲೆ ಹೋಗುವುದು ತಲೆಗೆ 2,800 ರೂಪಾಯಿ ಕಡಿಮೆ ತೋರಿಸುತ್ತಿದೆ. ನಾಲ್ಕು ಜನರಿಗೆ 11,200 ಉಳಿಯುತ್ತದೆ ಅಲ್ವಾ? ಅದನ್ನೇ ತಗೊಳ್ಳಲಾ? ಅಮ್ಮನ ಪಾಸ್‌ಪೋರ್ಟ್ ಇನ್ನೂ ಆಗಿಲ್ಲ. ದಯವಿಟ್ಟು ಗೊತ್ತಿದ್ದವರು ಹೇಳಿ.

ಗಡಿಯಾರ ಕಂಬ

ಅಕ್ಕ, ಮೊದಲು ಚೆನ್ನೈ ಟಿಕೆಟ್ ಬಗ್ಗೆ. ಅದು ಒಂದೇ ಟಿಕೆಟ್ಟಾ ಅಥವಾ ಎರಡು ಬೇರೆ ಬೇರೆ ಟಿಕೆಟ್ ಸೇರಿಸಿ ತೋರಿಸುತ್ತಿದ್ದಾರಾ, ಅದನ್ನು ನೋಡಿ. ಒಂದೇ ಪಿಎನ್‌ಆರ್ ಇದ್ದರೆ ಮೊದಲ ವಿಮಾನ ತಡವಾದರೂ ಮುಂದಿನದಕ್ಕೆ ಕಳಿಸುವ ಜವಾಬ್ದಾರಿ ಅವರದ್ದು. ಎರಡು ಬೇರೆ ಟಿಕೆಟ್ ಆದರೆ ನಿಮ್ಮದು. ಚೆನ್ನೈನಲ್ಲಿ ಇಳಿದು, ಬೆಲ್ಟಿನ ಮೇಲಿಂದ ನಾಲ್ಕು ಪೆಟ್ಟಿಗೆ ಎತ್ತಿಕೊಂಡು, ಹೊರಗೆ ಬಂದು, ಅಂತರರಾಷ್ಟ್ರೀಯ ಟರ್ಮಿನಲ್‌ಗೆ ಹೋಗಿ ಮತ್ತೆ ಕ್ಯೂ. ಜೊತೆಗೆ 68 ವರ್ಷದ ಅಪ್ಪಾಜಿ. ಮೊದಲ ವಿಮಾನ ಎರಡು ಗಂಟೆ ತಡವಾದರೆ ಎರಡನೇ ಟಿಕೆಟ್ಟಿನ ದುಡ್ಡು ಹೋದಂತೆಯೇ.

ಇನ್ನೊಂದು, ಆ ಕಡಿಮೆ ದರದಲ್ಲಿ ಪೆಟ್ಟಿಗೆ ಸೇರಿದೆಯಾ? ಬಹಳ ಸಲ ಕೈಚೀಲದ 7 ಕೆಜಿ ಮಾತ್ರ ಇರುತ್ತದೆ. ಲಗೇಜು, ಊಟ, ಸೀಟು ಎಲ್ಲಕ್ಕೂ ಬೇರೆ ದುಡ್ಡು. ಎಲ್ಲ ಸೇರಿಸಿ ಆಮೇಲೆ ಹೋಲಿಸಿ. ಆ 2,800 ಅಲ್ಲೇ ಕರಗಿಹೋಗುತ್ತದೆ.

ನಾನು ಲೆಕ್ಕ ಹಾಕುವುದು ವಿಮಾನ ನಿಲ್ದಾಣದಿಂದ ಅಲ್ಲ, ನಮ್ಮನೆ ಬಾಗಿಲಿಂದ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿ.ಮೀ. ವಿಮಾನ ನಿಲ್ದಾಣ ಊರಿನ ಆಚೆ ದೇವನಹಳ್ಳಿಯಲ್ಲಿ. ವಿಮಾನಕ್ಕೆ ಮೂರು ಗಂಟೆ ಮುಂಚೆ ಅಲ್ಲಿರಬೇಕು. ಅಂದರೆ ಮನೆ ಬಿಟ್ಟು ವಿಮಾನದಲ್ಲಿ ಕೂರುವಷ್ಟರಲ್ಲಿ ಎಂಟು ಒಂಬತ್ತು ಗಂಟೆ ಆಗಿರುತ್ತದೆ. ಬೆಂಗಳೂರಿಂದ ಸಿಂಗಪುರಕ್ಕೆ ಹಾರಾಟ ನಾಲ್ಕೂವರೆ ಗಂಟೆ ಅಷ್ಟೇ. ದೊಡ್ಡವರು ಸುಸ್ತಾಗುವುದು ವಿಮಾನದಲ್ಲಿ ಅಲ್ಲ, ಅದಕ್ಕೂ ಮುಂಚೆ. ಇಂಥದ್ದರಲ್ಲಿ ಚೆನ್ನೈ ಬೇಡವೇ ಬೇಡ. ನೇರ ವಿಮಾನ ತಗೊಳ್ಳಿ.

ಚಂದವಳ್ಳಿ

ಮೇಲಿನವರು ಹೇಳಿದ್ದು ಸರಿ. ನಾನು ಚಿತ್ರದುರ್ಗದವನು. ತಾರೀಖಿನ ವಿಷಯ ಒಂದು ಹೇಳಲೇಬೇಕು, ಯಾಕೆಂದರೆ ನಮ್ಮ ಮನೆಯಲ್ಲೇ ಆಗಿದೆ.

ಪೂರ್ವ ದೇಶಗಳಿಗೆ ಹೋಗುವ ಬಹಳಷ್ಟು ವಿಮಾನ ನಡುರಾತ್ರಿ ಆಸುಪಾಸಿಗೆ ಹೊರಡುತ್ತವೆ. ನಮ್ಮ ಅಣ್ಣನ ಟಿಕೆಟ್‌ನಲ್ಲಿ 12ನೇ ತಾರೀಖು, 00:40 ಅಂತ ಇತ್ತು. ಅಣ್ಣ 12ನೇ ತಾರೀಖು ಬೆಳಿಗ್ಗೆ ಪೂಜೆ ಮಾಡಿ, ಮಧ್ಯಾಹ್ನ ಹೋಳಿಗೆ ಊಟ ಮಾಡಿ, ಸಂಜೆ ದುರ್ಗದಿಂದ ಕಾರು ಹತ್ತಿದರು. ವಿಮಾನ ಹೋಗಿ ಆಗಲೇ ಹದಿನೈದು ಗಂಟೆ ಮೇಲಾಗಿತ್ತು. ನಿಲ್ದಾಣದ ಬಾಗಿಲಲ್ಲಿ ಟಿಕೆಟ್ ನೋಡಿದ ಸಿಬ್ಬಂದಿ 'ಇದು ನಿನ್ನೆ ರಾತ್ರಿದು ಸರ್' ಅಂದಾಗಲೇ ಗೊತ್ತಾಗಿದ್ದು. ಅತ್ತಿಗೆ ಅಲ್ಲೇ ಪೆಟ್ಟಿಗೆ ಮೇಲೆ ಕೂತು ಅತ್ತರಂತೆ. ಮೂರು ಟಿಕೆಟ್ ಹೋಯಿತು.

12ನೇ ತಾರೀಖು 00:40 ಅಂದರೆ ನಮ್ಮ ಬಾಯಲ್ಲಿ 11ನೇ ತಾರೀಖು ರಾತ್ರಿ. ಮನೆ ಬಿಡುವುದು 11ರ ಮಧ್ಯಾಹ್ನ. ಗೋಡೆಯ ಕ್ಯಾಲೆಂಡರ್‌ನಲ್ಲಿ ವಿಮಾನದ ತಾರೀಖು ಗುರುತು ಹಾಕಬೇಡಿ, ಮನೆ ಬಿಡುವ ತಾರೀಖು, ಗಂಟೆ ಹಾಕಿ.

ಕುಂದವಾಡ ಕೆರೆ

ಅಯ್ಯೋ, ಇದು ನನಗೂ ಹೊಳೆದಿರಲಿಲ್ಲ. ನಾನು ನೋಡಿದ ನೇರ ವಿಮಾನವೂ ರಾತ್ರಿಯದ್ದೇ, ಬೆಳಿಗ್ಗೆ ಏಳಕ್ಕೆ ಸಿಂಗಪುರ ಮುಟ್ಟುತ್ತದೆ. ಒಂದು ಹಗಲು ಪೂರ್ತಿ ಸಿಗುತ್ತದೆ ಅಂತ ಖುಷಿಯಾಗಿದ್ದೆ.

ಮಂಡಕ್ಕಿ ಭಟ್ಟಿ

ಆ ಹಗಲು ಸಿಗುವುದಿಲ್ಲ ಮೇಡಂ. ನಾನು ಅಪ್ಪ ಅಮ್ಮನ ಕರ್ಕೊಂಡು ಹಾಗೇ ಹೋಗಿದ್ದೆ. ಹಿಂದಿನ ದಿನ ಮಧ್ಯಾಹ್ನ ಮನೆ ಬಿಟ್ಟಿದ್ದು, ರಾತ್ರಿ ಪೂರ್ತಿ ನಿದ್ದೆ ಇಲ್ಲ, ಬೆಳಿಗ್ಗೆ ಹೋಟೆಲ್‌ಗೆ ಹೋದರೆ ರೂಮು ಕೊಡುವುದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ ಅಂದರು. ನಮ್ಮಮ್ಮ ಸೋಫಾ ಮೇಲೆ ಕೂತು ಸೆರಗು ಮುಖದ ಮೇಲೆ ಎಳೆದುಕೊಂಡು ನಿದ್ದೆ ಹೋದರು. ಅದನ್ನು ನೋಡಿ ನನಗೆ ಬಹಳ ಬೇಜಾರಾಯಿತು.

ಹಗಲು ವಿಮಾನ ಹುಡುಕಿ. ಬೆಳಿಗ್ಗೆ ಹತ್ತರ ಸುಮಾರಿನದು ಸಿಕ್ಕರೆ ಚಿನ್ನ. ಹಿಂದಿನ ಸಂಜೆಯೇ ದೇವನಹಳ್ಳಿ ಕಡೆ ರೂಮು ಮಾಡಿ ಮಲಗಿ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಹತ್ತಕ್ಕೆ ಹೊರಟರೆ ಅಲ್ಲಿನ ಸಂಜೆ ಐದಕ್ಕೆ ಇಳಿಯುತ್ತೀರಿ. ನೇರ ರೂಮಿಗೆ ಹೋಗಿ, ಊಟ ಮಾಡಿ ಮಲಗಬಹುದು. ಒಂದು ರೂಮಿನ ಬಾಡಿಗೆ ಜಾಸ್ತಿ ಆಗುತ್ತದೆ, ಆಗಲಿ.

ಇನ್ನು ನಿಮ್ಮ ಪಟ್ಟಿ. ಏಳು ದಿನಕ್ಕೆ ಐದು ಜಾಗ! ದಿನಾ ಪೆಟ್ಟಿಗೆ ಕಟ್ಟುವುದು, ಬಿಚ್ಚುವುದು, ಇದೇ ಆಗುತ್ತದೆ. ಲಂಕಾವಿ ದ್ವೀಪ, ಅಲ್ಲಿಗೆ ಮತ್ತೆ ವಿಮಾನ ಅಥವಾ ದೋಣಿ. ಪೆನಾಂಗ್, ಲಂಕಾವಿ, ಗೆಂಟಿಂಗ್ ಮೂರನ್ನೂ ತೆಗೆದುಹಾಕಿ. ಹೋಗುವುದು ಸಿಂಗಪುರಕ್ಕೆ, ವಾಪಸ್ ಬರುವುದು ಕ್ವಾಲಾಲಂಪುರದಿಂದ, ಹಾಗೆ ಟಿಕೆಟ್ ಮಾಡಿ. ಟಿಕೆಟ್ ಹುಡುಕುವಾಗ 'ಮಲ್ಟಿ ಸಿಟಿ' ಅಂತ ಇರುತ್ತದೆ, ಅದನ್ನು ಒತ್ತಿದರೆ ಹೀಗೆ ಹಾಕಬಹುದು. ಬಂದ ದಾರಿಯಲ್ಲೇ ತಿರುಗಿ ಹೋಗುವ ಒಂದು ದಿನ ಉಳಿಯುತ್ತದೆ.

ಎರಡರ ನಡುವೆ ರಸ್ತೆ ಸುಮಾರು 350 ಕಿ.ಮೀ, ಒಳ್ಳೆ ಬಸ್ ಇವೆ. ಮಧ್ಯೆ ಮಲಾಕಾ ಬರುತ್ತದೆ, ಅಲ್ಲಿ ಒಂದು ರಾತ್ರಿ ಇಳಿಯಿರಿ. ಹಳೇ ಬಂದರು ಊರು, 2008ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ನಡೆದಾಡಲು ಸಣ್ಣ ಊರು, ಹೊಳೆ ದಂಡೆ, ಆರಾಮ. ಗಡಿಯಲ್ಲಿ ಮಾತ್ರ ಎರಡು ಸಲ ಇಳಿಯಬೇಕು, ಸಿಂಗಪುರದ ಕಡೆ ಒಮ್ಮೆ, ಮಲೇಷ್ಯಾ ಕಡೆ ಒಮ್ಮೆ. ಲಗೇಜು ಬಸ್ಸಿನಲ್ಲೇ ಬಿಡಬೇಡಿ, ಪ್ರತಿ ಸಲ ಹೊತ್ತುಕೊಂಡೇ ಇಳಿಯಬೇಕು. ಶುಕ್ರವಾರ ಸಂಜೆ, ಶನಿವಾರ ಬೆಳಿಗ್ಗೆ ಆ ಗಡಿ ದಾಟುವ ಯೋಚನೆಯೇ ಬೇಡ, ಸಿಕ್ಕಾಪಟ್ಟೆ ವಾಹನ. ವಾರದ ನಡುವೆ ದಾಟಿ.

ಹರಿಹರದ ಹೊಳೆ

ಅಮ್ಮನ ಪಾಸ್‌ಪೋರ್ಟ್ ಮೊದಲು ಮಾಡಿಸಿ, ಅದಾಗುವ ತನಕ ಟಿಕೆಟ್ ಬೇಡ. ದಾವಣಗೆರೆ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ ದಿನ ಗೊತ್ತು ಮಾಡಿಕೊಳ್ಳಿ. ವಯಸ್ಕರಿಗೆ ಸಾಮಾನ್ಯವಾಗಿ 36 ಪುಟದ್ದಕ್ಕೆ ಶುಲ್ಕ 1,500 ರೂಪಾಯಿ, ತತ್ಕಾಲ್ ಬೇಕಾದರೆ ಮೇಲೆ 2,000. ಪೊಲೀಸ್ ವೆರಿಫಿಕೇಶನ್‌ಗೆ ಠಾಣೆಯಿಂದ ಕರೆ ಬಂದಾಗ ಅಮ್ಮ ಊರಲ್ಲಿರಲಿ.

ನಮ್ಮ ಕಡೆ ಎಲ್ಲರಿಗೂ ತೊಂದರೆ ಕೊಡುವುದು ಹೆಸರು. ಆಧಾರ್‌ನಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಷಿಯಲ್ ಮುಂದೆ. ಬ್ಯಾಂಕಿನಲ್ಲಿ ಗಂಡನ ಹೆಸರು. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು. ಹಾಗಾಗಿ ಮೊದಲು ಆಧಾರ್ ಸರಿ ಮಾಡಿಸಿ, ಆಮೇಲೆ ಅರ್ಜಿ. ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. ಒಂದೇ ಪದದ ಹೆಸರಿದ್ದರೆ ಪ್ರವಾಸದ ವೀಸಾದಲ್ಲಿ ಬರುವವರನ್ನು ಯುಎಇ ಒಳಗೆ ಬಿಡುವುದಿಲ್ಲ, ಮುಂದೆ ದುಬೈಗೆ ಹೋಗಬೇಕೆನಿಸಿದರೆ ಕಷ್ಟ.

ಟಿಕೆಟ್ ಮಾಡುವಾಗ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ನೋಡಿ ಟೈಪ್ ಮಾಡಿ. ನೆನಪಿನಿಂದ ಬೇಡ. ಉಳಿದ ಮೂವರ ಪಾಸ್‌ಪೋರ್ಟಿನ ಅವಧಿಯೂ ನೋಡಿ, ಹೋಗುವ ದಿನಕ್ಕೆ ಇನ್ನೂ ಆರು ತಿಂಗಳು ಬಾಕಿ ಇರಬೇಕು.

ಕುಂದವಾಡ ಕೆರೆ

ಅಮ್ಮ ಓದಿರುವುದು ಐದನೇ ಕ್ಲಾಸು. ಹತ್ತು ಪಾಸಾಗದಿದ್ದರೆ ಪಾಸ್‌ಪೋರ್ಟ್ ಮೇಲೆ ಇಸಿಆರ್ (ಹೊರದೇಶಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು) ಅಂತ ಹಾಕುತ್ತಾರೆ, ಹೊರಗೆ ಬಿಡಲ್ಲ ಅಂತ ಪಕ್ಕದ ಮನೆಯವರು ಹೆದರಿಸಿದ್ದಾರೆ. ನಿಜವಾ?

ಹರಿಹರದ ಹೊಳೆ

ಇಲ್ಲ ಅಕ್ಕ, ಹೆದರಬೇಡಿ. 50 ದಾಟಿದವರಿಗೆ ಅದು ಬರುವುದಿಲ್ಲ. ಬಂದರೂ ಅದು ಕೆಲಸಕ್ಕೆ ಹೋಗುವವರ ರಕ್ಷಣೆಗೆ ಮಾಡಿದ್ದು, ಮಲೇಷ್ಯಾ ಸೇರಿ ಕೆಲವು ದೇಶಗಳಿಗೆ ಕೂಲಿಗೆ ಹೋಗುವವರು ಮೋಸ ಹೋಗಬಾರದು ಅಂತ. ಊರು ನೋಡಲು ಹೋಗುವವರಿಗೆ ತಡೆ ಇಲ್ಲ. ವಾಪಸ್ ಟಿಕೆಟ್, ಹೋಟೆಲ್ ಕಾಗದ ಕೈಯಲ್ಲಿರಲಿ.

ಗಡಿಯಾರ ಕಂಬ

ವೀಸಾ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳಿಬಿಡುತ್ತೇನೆ. ಸಿಂಗಪುರಕ್ಕೆ ಭಾರತೀಯರಿಗೆ ವೀಸಾ ಬೇಕು, ಅಧಿಕೃತ ಏಜೆಂಟರ ಮೂಲಕ ಹಾಕಿಸಿ. ಮಲೇಷ್ಯಾ 2023ರ ಡಿಸೆಂಬರ್‌ನಿಂದ ನಮಗೆ 30 ದಿನದವರೆಗೆ ವೀಸಾ ಇಲ್ಲದೆ ಬಿಡುತ್ತಿದೆ, 2026ರ ಕೊನೆಯವರೆಗೂ ವಿಸ್ತರಿಸಿದ್ದಾರೆ.

ವೀಸಾ ಬೇರೆ, ಅರೈವಲ್ ಕಾರ್ಡ್ ಬೇರೆ. ಎರಡೂ ದೇಶಕ್ಕೆ, ಮುಟ್ಟುವುದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಬೇಕು, ನಾಲ್ಕು ಜನರಿಗೂ. ಎರಡೂ ಪುಕ್ಕಟೆ. ಹುಡುಕಿದರೆ ದುಡ್ಡು ಕೇಳುವ ಜಾಲತಾಣಗಳೇ ಮೇಲೆ ಬರುತ್ತವೆ, ಸರ್ಕಾರದ ತಾಣದಲ್ಲೇ ತುಂಬಿ. ಸಿಂಗಪುರದಲ್ಲಿ ಈಗ ಪಾಸ್‌ಪೋರ್ಟ್‌ಗೆ ಮೊಹರು ಒತ್ತುವುದಿಲ್ಲ, ಇಮೇಲ್‌ಗೆ ಇ-ಪಾಸ್ ಬರುತ್ತದೆ. ಅದರಲ್ಲಿ ಎಷ್ಟು ದಿನ ಇರಬಹುದು ಅಂತ ಇರುತ್ತದೆ. ಅಪ್ಪಾಜಿ ಕಾರ್ಡಿಗೂ ನಿಮ್ಮ ಇಮೇಲ್ ಕೊಡಿ.

ಬಾತಿ ಗುಡ್ಡ

ಊಟದ ವಿಷಯ ನನ್ನ ಪಾಲಿಗಿರಲಿ. ನಿಮ್ಮ ಮನೆಯವರು ಶುದ್ಧ ಸಸ್ಯಾಹಾರಿಗಳಾದರೆ ಇದು ಬಹಳ ಮುಖ್ಯ. ವಿಮಾನದ ಊಟ ಆರಿಸುವಾಗ 'ಹಿಂದೂ ಮೀಲ್' ಅಂತ ಒಂದು ಇರುತ್ತದೆ, ಕೋಡು ಎಚ್‌ಎನ್‌ಎಂಎಲ್. ಹೆಸರು ನೋಡಿ ಅದನ್ನೇ ಒತ್ತಬೇಡಿ! ಅದರಲ್ಲಿ ಕೋಳಿ, ಕುರಿ ಮಾಂಸ ಬರುತ್ತದೆ, ದನದ್ದು ಇರುವುದಿಲ್ಲ ಅಷ್ಟೇ. ನಮ್ಮ ಥರದ ಸಸ್ಯಾಹಾರಕ್ಕೆ ಎವಿಎಂಎಲ್. ಕನಿಷ್ಠ ಒಂದು ದಿನ ಮುಂಚೆ ಹೇಳಿರಬೇಕು. ನಮ್ಮ ಮಾವನವರ ಮುಂದೆ ತಟ್ಟೆ ತೆರೆದಾಗ ಆದ ಸಂಕಟ ನಾನು ಮರೆತಿಲ್ಲ. ಅವರು ಸುಮ್ನೆ ಮುಚ್ಚಳ ಮುಚ್ಚಿ, ನೀರು ಕುಡಿದು ಕೂತರು.

ಸಿಂಗಪುರದಲ್ಲಿ ಲಿಟಲ್ ಇಂಡಿಯಾದ ಹತ್ತಿರವೇ ರೂಮು ಮಾಡಿ. ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ದೋಸೆ, ಬಾಳೆಎಲೆ ಊಟ ಎಲ್ಲ ಸಿಗುತ್ತದೆ. ನಮ್ಮ ಬೆಣ್ಣೆ ದೋಸೆ ಆಗಲ್ಲ, ಆದರೆ ಅಮ್ಮನಿಗೆ ಹೊಟ್ಟೆ ತುಂಬುತ್ತದೆ. ದೀಪಾವಳಿಗೆ ಮುಂಚಿನ ವಾರಗಳಲ್ಲಿ ಆ ರಸ್ತೆಗೆ ದೀಪದ ಅಲಂಕಾರವೂ ಇರುತ್ತದೆ. ಕ್ವಾಲಾಲಂಪುರದಲ್ಲಿ ಕೆಎಲ್ ಸೆಂಟ್ರಲ್ ರೈಲು ನಿಲ್ದಾಣದ ಪಕ್ಕದ ಬ್ರಿಕ್‌ಫೀಲ್ಡ್ಸ್ ಹಾಗೆಯೇ. ಮಲೇಷ್ಯಾದಲ್ಲಿ ತರಕಾರಿ ಪಲ್ಯ ಅಂತ ಕೊಟ್ಟರೂ ಒಣಸೀಗಡಿ ಅರೆದು ಹಾಕಿರುತ್ತಾರೆ, ಕೇಳದೆ ತಿನ್ನಬೇಡಿ.

ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಗ್ಗರಣೆ ಮಂಡಕ್ಕಿ ಕಟ್ಟಿಕೊಳ್ಳಿ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ, ತೆಗೆದಿಡುತ್ತಾರೆ. ಒಣ ಕೊಬ್ಬರಿ ಬೇಡವೇ ಬೇಡ, ಎಣ್ಣೆ ಅಂಶಕ್ಕೆ ಬೆಂಕಿ ಹಿಡಿಯುತ್ತದೆ ಅಂತ 2022ರಿಂದ ಚೆಕ್-ಇನ್ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ಗಸಗಸೆಯೂ ಬೇಡ, ಸಿಂಗಪುರದಲ್ಲಿ ಅದು ಮಾದಕ ವಸ್ತು ಇಲಾಖೆಯ ಕೈಗೆ ಹೋಗುತ್ತದೆ. ಎಲೆ ಅಡಿಕೆ ಅಭ್ಯಾಸ ಇರುವವರಿದ್ದರೆ ತಂಬಾಕು ಮನೆಯಲ್ಲೇ ಬಿಡಲಿ, ಜಗಿಯುವ ತಂಬಾಕು ಅಲ್ಲಿ ಕಾನೂನಿಗೆ ವಿರುದ್ಧ.

ಚಂದವಳ್ಳಿ

ಅಪ್ಪಾಜಿ, ಅಮ್ಮ ಲಿಂಗಧಾರಿಗಳಾದರೆ ಒಂದು ಮಾತು. ಲಿಂಗ ಇಡುವ ಬೆಳ್ಳಿ ಕರಡಿಗೆ ಇದ್ದರೆ ಲೋಹ ಪರೀಕ್ಷೆಯ ಬಾಗಿಲಲ್ಲಿ ಸದ್ದಾಗುತ್ತದೆ. ನಮ್ಮಪ್ಪ ಗಾಬರಿಯಾಗಿ ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡುಬಿಟ್ಟರು, ನೋಡುವವರಿಗೆ ಅನುಮಾನ ಬರುವ ಹಾಗೆ. ನಾನು ಪಕ್ಕದಲ್ಲೇ ಇದ್ದೆ. 'ದೇವರು, ಕತ್ತಲ್ಲಿದೆ' ಅಂತ ಮೊದಲೇ ಹೇಳಿದ್ದಕ್ಕೆ ಕೈಯಂತ್ರದಿಂದ ನೋಡಿ ಗೌರವದಿಂದಲೇ ಬಿಟ್ಟರು. ಬಟ್ಟೆಯ ಶಿವದಾರ, ವಸ್ತ್ರದಲ್ಲಿ ಕಟ್ಟಿಕೊಂಡರೆ ಇನ್ನೂ ಸಲೀಸು. ವಿಭೂತಿ ಗಟ್ಟಿಯನ್ನು ಡಬ್ಬಿಗೆ ಹಾಕಿ ದೊಡ್ಡ ಪೆಟ್ಟಿಗೆಯಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬಿಳಿ ಪುಡಿಯಾಗಿ ಉದುರಿ, ಸುಮ್ನೆ ಪ್ರಶ್ನೆ.

ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲೇ ಇರಲಿ, ಡಾಕ್ಟರ ಚೀಟಿ ಜೊತೆಗೆ. ಪವರ್ ಬ್ಯಾಂಕೂ ಕೈಚೀಲದಲ್ಲೇ.

ಆನಗೋಡು

ದುಡ್ಡಿನ ಬಗ್ಗೆ ಎರಡು ಮಾತು. ನಮ್ಮ ಡೆಬಿಟ್ ಕಾರ್ಡ್‌ಗಳಲ್ಲಿ ವಿದೇಶದ ಬಳಕೆ ಮೊದಲಿಗೆ ಬಂದ್ ಇರುತ್ತದೆ, ಬ್ಯಾಂಕ್ ಆ್ಯಪ್‌ನಲ್ಲಿ ನೀವೇ ಚಾಲೂ ಮಾಡಬೇಕು. ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ 'ರೂಪಾಯಿಯಲ್ಲಾ, ಡಾಲರ್‌ನಲ್ಲಾ' ಅಂತ ಯಂತ್ರ ಕೇಳುತ್ತದೆ. ಅಲ್ಲಿನ ಹಣವನ್ನೇ ಒತ್ತಿ, ರೂಪಾಯಿ ಒತ್ತಿದರೆ ಕೆಟ್ಟ ದರ ಹಾಕುತ್ತಾರೆ. ಊರಿನ ಸಿಮ್‌ಗೆ ರೋಮಿಂಗ್ ಚಾಲೂ ಮಾಡಿಸಿಕೊಂಡೇ ಹೊರಡಿ, ಇಲ್ಲದಿದ್ದರೆ ಓಟಿಪಿ ಬರುವುದಿಲ್ಲ. ಸಿಂಗಪುರದ ಮೆಟ್ರೋದಲ್ಲಿ ಬೇರೆ ಕಾರ್ಡ್ ಕೊಳ್ಳಬೇಕಿಲ್ಲ, ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡ್ ಆಗುತ್ತದೆ. ಒಬ್ಬರಿಗೆ ಒಂದು ಕಾರ್ಡ್ ಬೇಕು, ಅದು ನೆನಪಿರಲಿ.

ಕುಂದವಾಡ ಕೆರೆ

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ನಿನ್ನೆ ರಾತ್ರಿ ಊಟ ಆದ ಮೇಲೆ ನಾಲ್ಕೂ ಜನ ಕೂತು ಹೊಸದಾಗಿ ಬರೆದೆವು.

ಶನಿವಾರ ಮಧ್ಯಾಹ್ನ ಮನೆ ಬಿಡುವುದು, ದೇವನಹಳ್ಳಿಯಲ್ಲಿ ಮಲಗುವುದು. ಭಾನುವಾರ ಹಗಲು ವಿಮಾನ. ಸಿಂಗಪುರದಲ್ಲಿ ಮೂರು ರಾತ್ರಿ. ಬುಧವಾರ ಬಸ್ಸಿನಲ್ಲಿ ಮಲಾಕಾ, ಒಂದು ರಾತ್ರಿ. ಗುರುವಾರ ಕ್ವಾಲಾಲಂಪುರ, ಎರಡು ರಾತ್ರಿ. ಶನಿವಾರ ಸಂಜೆ ಹೊರಟು ರಾತ್ರಿ ಹನ್ನೊಂದಕ್ಕೆ ಬೆಂಗಳೂರು. ಅಲ್ಲಿಂದ ಕಾರಿನಲ್ಲಿ ಬೆಳಗಿನ ಜಾವ ಮನೆ.

ಕ್ವಾಲಾಲಂಪುರದ ಹತ್ತಿರದ ಬಟು ಗುಹೆ ದೇವಸ್ಥಾನ ನೋಡಲೇಬೇಕು ಅಂತ ಅಮ್ಮ. 272 ಮೆಟ್ಟಿಲಂತೆ. ಅಪ್ಪಾಜಿಗೆ ಮಂಡಿ ನೋವಿದೆ. ಏನು ಮಾಡಲಿ?

ಮಂಡಕ್ಕಿ ಭಟ್ಟಿ

ಈಗ ಸರಿಯಾಯಿತು ನೋಡಿ! ಬಟು ಗುಹೆಗೆ ಬೆಳಿಗ್ಗೆ ಎಂಟಕ್ಕೇ ಹೋಗಿ, ಬಿಸಿಲು ಏರುವ ಮುಂಚೆ. ಕೆಎಲ್ ಸೆಂಟ್ರಲ್‌ನಿಂದ ಲೋಕಲ್ ರೈಲು ಅಲ್ಲಿಗೇ ಹೋಗಿ ನಿಲ್ಲುತ್ತದೆ. ಸುಬ್ರಹ್ಮಣ್ಯನ ಮೂರ್ತಿ ಕೆಳಗೇ ಇದೆ, 42.7 ಮೀಟರ್ ಎತ್ತರ. ತಲೆ ಎತ್ತಿ ನೋಡಿದರೆ ಕತ್ತು ನೋಯುತ್ತದೆ. ಅಪ್ಪಾಜಿ ಕೆಳಗೆ ಕೂರಲಿ, ಪಕ್ಕದಲ್ಲಿ ರಾಮಾಯಣದ ಗುಹೆ ಇದೆ, ಅದಕ್ಕೆ ಮೆಟ್ಟಿಲು ಹತ್ತಬೇಕಿಲ್ಲ. ಪೆಟ್ರೋನಾಸ್ ಗೋಪುರ ಮೇಲೆ ಹತ್ತುವುದಾದರೆ ಸೋಮವಾರ ರಜೆ, ನಿಮಗೆ ಅದು ಬರುವುದಿಲ್ಲ. ಸಿಂಗಪುರದಲ್ಲಿ ಗಾರ್ಡನ್ಸ್ ಬೈ ದ ಬೇಗೆ ಸಂಜೆ ಹೋಗಿ, 7:45ಕ್ಕೆ ಮತ್ತು 8:45ಕ್ಕೆ ದೊಡ್ಡ ಉಕ್ಕಿನ ಮರಗಳಿಗೆ ದೀಪದಾಟ, ಅದಕ್ಕೆ ಟಿಕೆಟ್ ಇಲ್ಲ. ಚಾಪೆ ಹಾಸಿ ಮಲಗಿಕೊಂಡು ನೋಡುತ್ತಾರೆ ಜನ.

ಟಿಕೆಟ್ ಮಾಡುವಾಗಲೇ ಅಪ್ಪಾಜಿಗೆ ಗಾಲಿಕುರ್ಚಿ ಕೇಳಿ. ಬೇಡ ಅನ್ನುತ್ತಾರೆ, ನೀವು ಕೇಳಿಬಿಡಿ. ಬೆಂಗಳೂರಿನ ಎರಡನೇ ಟರ್ಮಿನಲ್ಲೇ ಎಷ್ಟು ದೂರ ನಡೆಯಬೇಕು ಗೊತ್ತಾ?

ಗಡಿಯಾರ ಕಂಬ

ಒಂದೇ ಒಂದು ಬದಲಾವಣೆ ಮಾಡಿ ಅಕ್ಕ. ರಾತ್ರಿ ಹನ್ನೊಂದಕ್ಕೆ ಇಳಿದು ಅದೇ ರಾತ್ರಿ ಕಾರು ಬೇಡ. ಇಮಿಗ್ರೇಶನ್, ಪೆಟ್ಟಿಗೆ ಅಂತ ಹೊರಗೆ ಬರುವಷ್ಟರಲ್ಲಿ ಹನ್ನೆರಡೂವರೆ. ಅಲ್ಲಿಂದ ಐದು ಗಂಟೆ ಹೆದ್ದಾರಿ. ಸಿರಾ, ಹಿರಿಯೂರು ದಾಟುವಾಗ ಬೆಳಗಿನ ಜಾವ ಮೂರು, ಡ್ರೈವರಿಗೂ ಕಣ್ಣು ಎಳೆಯುವ ಹೊತ್ತು. ನಿಂತ ಲಾರಿಗಳು ಕಾಣುವುದಿಲ್ಲ. ಇದು ನನ್ನ ಕಳಕಳಿಯ ಮಾತು. ದೇವನಹಳ್ಳಿಯಲ್ಲೇ ಮಲಗಿ, ಭಾನುವಾರ ತಿಂಡಿ ಮಾಡಿಕೊಂಡು ಹೊರಡಿ. ದೊಡ್ಡಬಳ್ಳಾಪುರ, ದಾಬಸ್‌ಪೇಟೆ ದಾರಿ ಹಿಡಿದರೆ ಬೆಂಗಳೂರು ಊರೊಳಗೆ ಹೋಗುವ ಗೋಜೇ ಇಲ್ಲ.

ಕುಂದವಾಡ ಕೆರೆ

ಆಯ್ತು, ರೂಮು ಹೇಳಿದ್ದೇವೆ. ಅಮ್ಮನ ಪಾಸ್‌ಪೋರ್ಟೂ ಬಂತು. ಪೆಟ್ಟಿಗೆಗಳನ್ನು ಅಪ್ಪಾಜಿ ಅಂಗಡಿಗೆ ಒಯ್ದು ಅಕ್ಕಿ ತೂಗುವ ತಕ್ಕಡಿ ಮೇಲಿಟ್ಟು ತೂಗಿದರು. ಅಮ್ಮನದು ಎರಡು ಕೆಜಿ ಜಾಸ್ತಿ ಬಂತು. ರೊಟ್ಟಿ ಇಳಿಸಲು ಒಪ್ಪಲಿಲ್ಲ, ಒಂದು ಕಂಬಳಿ ಇಳಿಸಿದರು.

ಕುಂದವಾಡ ಕೆರೆ

ಪ್ರವಾಸ ಮುಗಿಸಿ ನಿನ್ನೆ ಮಧ್ಯಾಹ್ನ ಮನೆ ಮುಟ್ಟಿದೆವು. ಯಾರಿಗೂ ಜ್ವರ, ನೆಗಡಿ ಏನೂ ಇಲ್ಲ.

ಹಗಲು ವಿಮಾನ ಹೇಳಿದವರಿಗೆ ಅಪ್ಪಾಜಿ ಪರವಾಗಿ ವಂದನೆ. ಅವರಿಗೆ ಕಿಟಕಿ ಸೀಟು. ಚೆನ್ನೈ ಹತ್ತಿರ ನೆಲ ಮುಗಿದು ನೀರು ಶುರುವಾದ ಗೆರೆ ಕಂಡಿತು. ಹಣೆಯನ್ನು ಗಾಜಿಗೆ ಹಚ್ಚಿ ಕೂತವರು ಬಹಳ ಹೊತ್ತು ಈ ಕಡೆ ತಿರುಗಲೇ ಇಲ್ಲ. ಊಟ ಬಂದಾಗ ಕರೆದರೆ ಕಣ್ಣು ಒದ್ದೆ. 'ಬಂಗಾಳ ಕೊಲ್ಲಿ ಅಲ್ವೇನಮ್ಮಾ ಇದು' ಅಂತ ಕೇಳಿದರು. ರಾತ್ರಿ ವಿಮಾನ ಮಾಡಿದ್ದರೆ ಇದು ಯಾವುದೂ ಇಲ್ಲ.

ಗಡಿಯಲ್ಲಿ ಪೆಟ್ಟಿಗೆ ಹೊತ್ತು ಇಳಿಯುವುದು ನಾವಂದುಕೊಂಡಿದ್ದಕ್ಕಿಂತ ಕಷ್ಟವಾಯಿತು, ಎಸ್ಕಲೇಟರ್ ಮೇಲೆ ಅಮ್ಮ ಹೆದರಿದರು. ಮುಂದೆ ಹೋಗುವವರು ಚಕ್ರದ ಸಣ್ಣ ಪೆಟ್ಟಿಗೆಯನ್ನೇ ಒಯ್ಯಿರಿ. ಮಲಾಕಾದಲ್ಲಿ ಸಂಜೆ ಹೊಳೆ ದಂಡೆಯ ಕಟ್ಟೆ ಮೇಲೆ ಕೂತು ರೊಟ್ಟಿ, ಚಟ್ನಿಪುಡಿ ತಿಂದೆವು. ಇಡೀ ಪ್ರವಾಸದಲ್ಲಿ ಅಮ್ಮನಿಗೆ ಅದೇ ಇಷ್ಟದ ಊಟ. ಬಟು ಗುಹೆಯ 272 ಮೆಟ್ಟಿಲನ್ನೂ ಅಮ್ಮ ಹತ್ತಿದರು. ಅಪ್ಪಾಜಿ ಕೆಳಗೆ ಪಾರಿವಾಳ ನೋಡುತ್ತ ಕೂತಿದ್ದರು.

ತುರುವನೂರು ರಸ್ತೆ

ಮೇಡಂ, ಪೂರ್ತಿ ಓದಿದೆ. ನಾನು ಚಿತ್ರದುರ್ಗ. ಜನವರಿಯಲ್ಲಿ ಅವ್ವನ ಕರ್ಕೊಂಡು ಇದೇ ದಾರಿಯಲ್ಲಿ ಹೋಗೋಣ ಅಂತ ಈಗಲೇ ತೀರ್ಮಾನ ಮಾಡಿದೆ. ನಮ್ಮಿಂದ ಬೆಂಗಳೂರಿಗೆ ರೈಲು ಅಂದರೆ ಚಿಕ್ಕಜಾಜೂರು ಸುತ್ತಬೇಕು, ಹಾಗಾಗಿ ಕಾರೇ. ಅವ್ವನ ಪಾಸ್‌ಪೋರ್ಟ್‌ಗೆ ದಾವಣಗೆರೆಗೇ ಬರುತ್ತೇನೆ. ಚಕ್ರದ ಸಣ್ಣ ಪೆಟ್ಟಿಗೆ ಅಂದಿರಲ್ಲ, ಎಷ್ಟು ದೊಡ್ಡದು ತಗೊಳ್ಳಲಿ?

ಕುಂದವಾಡ ಕೆರೆ

ಹೊಸದು ಕೊಳ್ಳಬೇಡಿ. ನಮ್ಮ ಎರಡು ಖಾಲಿ ಬಿದ್ದಿವೆ. ಪಾಸ್‌ಪೋರ್ಟ್‌ಗೆ ಬಂದ ದಿನ ಮನೆಗೆ ಬನ್ನಿ, ಅವ್ವನನ್ನೂ ಕರ್ಕೊಂಡು ಬನ್ನಿ. ಅಪ್ಪಾಜಿಗೆ ಹೇಳಿದ್ದೇನೆ, ತಕ್ಕಡಿ ಒರೆಸಿ ಇಟ್ಟಿರುತ್ತಾರೆ.